ಶೇಂಗಾ ದಾಟದ ಹೊಸ್ತಿಲು

ಪ್ರಸನ್ನಲಕ್ಷ್ಮಿ ಭಾರೀ ಮಡಿ ಹೆಂಗಸು ಎಂದು ರಾಯದುರ್ಗದ ತುಂಬ ಸುದ್ದಿ ಹಬ್ಬಿಸಿದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಪ್ಪಿಕೊಳ್ಳದೆ ಮುಂದಿನದನ್ನು ಹೇಳಲು ಬರುವುದಿಲ್ಲ.

ನಮ್ಮ ಬಡಾವಣೆಗೆ ಒಂದು ಕ್ಷೇಮಾಭಿವೃದ್ಧಿ ಸಂಘ ಬೇಕೆಂದು ಮೂರು ವರ್ಷದ ಕೆಳಗೆ ಒಂದು ಬೆಳಿಗ್ಗೆ ನನಗೆ ಅನ್ನಿಸಿತು. ಸಂಜೆಯ ಹೊತ್ತಿಗೆ ಸಂಘಕ್ಕೆ ಕಾರ್ಯದರ್ಶಿ ಸಿಕ್ಕಿದ್ದ, ಲೆಟರ್‌ಹೆಡ್ ಅಚ್ಚಾಗಿತ್ತು. ಸದಸ್ಯರು ಮಾತ್ರ ಬಾಕಿ. ಕಾರ್ಯದರ್ಶಿಯಾದ ನಾನು, ಅಂದರೆ ಹೈಸ್ಕೂಲಿನ ಕನ್ನಡ ಮೇಷ್ಟರು, ಸದಸ್ಯರನ್ನು ಹುಡುಕುತ್ತ ಮನೆಮನೆ ತಿರುಗಿ ಲೋಕನಾಥನ ಮನೆಯ ಬಾಗಿಲಿಗೆ ಬಂದೆ. ಲೋಕನಾಥ ಜೀನ್ಸ್ ಪ್ಯಾಂಟು ಹೊಲಿಸುವವನು. ಮನೆಯ ಮುಂದಿನ ಭಾಗದಲ್ಲಿ ಆರು ಮಿಷನ್ನು, ಹಿಂದಿನ ಭಾಗದಲ್ಲಿ ಸಂಸಾರ. ಆ ಹೊತ್ತಿನಲ್ಲಿ ಮಿಷನ್ನುಗಳು ನಿಂತಿದ್ದವು. ಒಳಗಿನಿಂದ ಏನೋ ಬೇಯುವ ಸಿಹಿ ವಾಸನೆ ಬರುತ್ತಿತ್ತು. ನಾನು ವಾಸನೆಯ ಜಾಡು ಹಿಡಿದು ಒಳಬಾಗಿಲಿನ ಹೊಸ್ತಿಲಿಗೆ ಕಾಲಿಟ್ಟೆ.

"ಅಲ್ಲೇ ನಿಲ್ರಿ ಸಾರ್! ದಾಟಬ್ಯಾಡ್ರಿ!"

ಲೋಕನಾಥನ ಹೆಂಡತಿ ಪ್ರಸನ್ನಲಕ್ಷ್ಮಿ. ತಲೆಗೆ ಬಿಳೀ ಬಟ್ಟೆ ಬಿಗಿದುಕೊಂಡು, ಕೈಯಲ್ಲಿ ಸೌಟು ಹಿಡಿದು ನಿಂತಿದ್ದರು.

"ಜೇಬಿನಾಗ ಏನೈತ್ರಿ?"

ಕಾರ್ಯದರ್ಶಿಯ ಜೇಬು ತಪಾಸಣೆಯಾಗಬಹುದೆಂದು ನಾನು ಕನಸಿನಲ್ಲೂ ನೆನೆದಿರಲಿಲ್ಲ. ಒಂದು ಹಿಡಿ ಹುರಿದ ಶೇಂಗಾ ತೆಗೆದು ತೋರಿಸಿದೆ. ಆಕೆ ನಾನು ಚೇಳು ತೆಗೆದು ತೋರಿಸಿದ ಹಾಗೆ ಎರಡು ಹೆಜ್ಜೆ ಹಿಂದೆ ಸರಿದರು.

"ಹೊರಗ ಹಾಕಿ ಬರ್ರಿ. ಅಲ್ಲಿ ನಲ್ಲಿ ಐತಿ, ಸೋಪು ಐತಿ, ಕೈ ತೊಳ್ಕೊಳ್ರಿ. ಬಾಯಿನೂ ಮುಕ್ಕಳಿಸ್ರಿ. ಅಂಗಿ ಬೀದ್ಯಾಗ ಜಾಡಿಸ್ರಿ. ಆಮ್ಯಾಲ ಮಾತು."

ನಾನು ಕೈಯನ್ನೂ ತೊಳೆಯಲಿಲ್ಲ, ಅಂಗಿಯನ್ನೂ ಜಾಡಿಸಲಿಲ್ಲ. ಲೆಟರ್‌ಹೆಡ್ಡನ್ನು ಕಂಕುಳಲ್ಲಿ ಒತ್ತಿಕೊಂಡು, ಒಬ್ಬ ಅವಮಾನಿತ ಕಾರ್ಯದರ್ಶಿ ನಡೆಯಬೇಕಾದ ರೀತಿಯಲ್ಲಿ ನಡೆದುಬಂದೆ. ಬಂದವನು ಚಹದಂಗಡಿಯಲ್ಲಿ ಕೂತು ಭಾಷಣ ಮಾಡಿದೆ. ಈ ಕಾಲದಲ್ಲೂ ಇಂಥ ಮಡಿಯೇ, ಓದಿದ ಮನುಷ್ಯನ ಅಂಗಿಗೂ ಮೈಲಿಗೆಯೇ, ಜೀನ್ಸ್ ಹೊಲಿಯುವವರ ಮನೆಯಲ್ಲಿ ಇದು ಯಾವಾಗ ಶುರುವಾಯಿತು, ಇತ್ಯಾದಿ. ಚೆನ್ನಾಗಿಯೇ ಮಾತಾಡಿದೆ. ವಾರದೊಳಗೆ ಊರಿಗೆಲ್ಲ ಗೊತ್ತಾಯಿತು. ನನ್ನ ಹೆಂಡತಿಯೇ ಹೊಸ ಸುದ್ದಿ ಎಂಬಂತೆ ಅದನ್ನು ನನಗೆ ತಂದು ಹೇಳಿದಳು.

ಲೋಕನಾಥನ ಬಳಿ ಜೇಬು ಹೊಲಿಯುವ ಜಂಬಯ್ಯ ಒಂದು ದಿನ ಅದೇ ಚಹದಂಗಡಿಗೆ ಬಂದ. ನನ್ನ ಭಾಷಣವನ್ನು ಪೂರ್ತಿ ಕೇಳಿದ. ಆಮೇಲೆ ಚಹಾ ಊದುತ್ತ ಹೇಳಿದ:

"ಮೇಷ್ಟ್ರೇ, ಇಪ್ಪತ್ತು ವರ್ಷ ಆತು, ಆ ಮನ್ಯಾಗ ಉಣ್ತೀನಿ, ಅಲ್ಲೇ ಮಕ್ಕೋತೀನಿ. ನನಗಿಲ್ಲದ ಮಡಿ ನಿಮಗ್ಯಾಕ ಬಂತ್ರಿ? ಆಕಿ ಬ್ಯಾಡ ಅಂದದ್ದು ನಿಮ್ಮನ್ನಲ್ಲ. ನಿಮ್ಮ ಶೇಂಗಾನ."

ನಾನು ಮುಖ್ಯನಲ್ಲ, ನನ್ನ ಜೇಬು ಮುಖ್ಯ ಎಂದು ತಿಳಿದಾಗ ಆದ ನೋವು ಮೊದಲಿನ ಅವಮಾನಕ್ಕಿಂತ ಹೆಚ್ಚು. ಆದರೆ ಕುತೂಹಲ ಅದಕ್ಕಿಂತಲೂ ಹೆಚ್ಚು. ಶೇಂಗಾವನ್ನು ಬೇಡ ಎನ್ನುವ ಮನುಷ್ಯ ನಮ್ಮ ಸೀಮೆಯಲ್ಲಿ ಇರಲು ಹೇಗೆ ಸಾಧ್ಯ? ನಮ್ಮಲ್ಲಿ ಮನೆಗೆ ಬಂದವರನ್ನು ಯಾಕೆ ಬಂದಿರಿ ಎಂದು ಕೇಳುವ ಮೊದಲು ಬೊಗಸೆಗೆ ಶೇಂಗಾ ಸುರಿಯುತ್ತೇವೆ. ಇಡ್ಲಿಯ ಚಟ್ನಿ ಅದು, ರೊಟ್ಟಿಯ ಪುಡಿ ಅದು, ಬದನೆಕಾಯಿಯ ಹೊಟ್ಟೆಯೊಳಗಿನ ಮಸಾಲೆ ಅದು, ಕರಿಯುವ ಎಣ್ಣೆಯೂ ಅದೇ. ಬಸ್ಸಿನಲ್ಲಿ ಪಕ್ಕದವನು ಕೊಟ್ಟದ್ದನ್ನು ಬೇಡವೆಂದರೆ ಇವನಿಗೇನೋ ಸೊಕ್ಕು ಎಂದುಕೊಳ್ಳುತ್ತಾರೆ.

ಮುಂದಿನ ಭಾನುವಾರ ಲೋಕನಾಥನ ಮನೆಗೆ ಹೋದೆ. ಜೇಬನ್ನು ಒಳಹೊರಗು ಮಾಡಿ ಆನೆಯ ಕಿವಿಯ ಹಾಗೆ ಹೊರಕ್ಕೆ ಇಳಿಬಿಟ್ಟುಕೊಂಡೇ ಹೋದೆ. ನಲ್ಲಿಯ ಕೆಳಗೆ ಮೊಣಕೈವರೆಗೆ ತೊಳೆದುಕೊಂಡೆ. ಮುಂದಿನ ಕೋಣೆಯಲ್ಲಿ ಸ್ಟೂಲು ಸಿಕ್ಕಿತು. ಅಡಿಗೆಮನೆ ಮಾತ್ರ ಅಂದೂ ಸಿಗಲಿಲ್ಲ. ಅದರ ಹೊಸ್ತಿಲ ಆಚೆಯಿಂದಲೇ ಪ್ರಸನ್ನಲಕ್ಷ್ಮಿ ನಡೆದದ್ದನ್ನು ಹೇಳಿದರು.

ಅವರ ಮಗಳು ಹರಿತಾಗೆ ಎರಡು ವರ್ಷವಿದ್ದಾಗ ಯಾರದೋ ಮದುವೆಯಲ್ಲಿ ಒಂದು ಚೂರು ಚಿಕ್ಕಿ ತಿಂದಳಂತೆ. ಹತ್ತು ನಿಮಿಷಕ್ಕೆ ತುಟಿ ಊದಿತು, ಕಣ್ಣು ಮುಚ್ಚಿಕೊಂಡಿತು, ಉಸಿರು ಸಿಳ್ಳೆಯಾಯಿತು. ಬಳ್ಳಾರಿಗೆ ಓಡಿದರು. ಮಗು ಉಳಿಯಿತು. ಇವಳ ಹತ್ತಿರ ಇನ್ನು ಶೇಂಗಾ ಸುಳಿಯಬಾರದು ಎಂದರಂತೆ ಡಾಕ್ಟರು.

"ಅವರು ಹೇಳಿದ್ರು, ನಾ ಹೂಂ ಅಂದೆ. ವಾಪಸ್ ಬರೂವಾಗ ಬಸ್ಸಿನ ಕಿಟಕ್ಯಾಗ ನೋಡ್ತೀನಿ, ಎರಡೂ ಕಡೆ ಹೊಲದ ತುಂಬ ಅದೇ ಐತ್ರಿ. ಊರು ಬಿಡಬೇಕಾ, ಬೆಳೀ ಬಿಡಿಸಬೇಕಾ?"

ಎರಡೂ ಆಗದ್ದರಿಂದ ಮನೆಯ ಹೊಸ್ತಿಲನ್ನು ಭದ್ರ ಮಾಡಿದರು. ಅತ್ತೆ ಪದ್ಮಾವತಮ್ಮನವರಿಗೆ ಇದು ದೊಡ್ಡ ಸಂಕಟ. ಎಪ್ಪತ್ತು ವರ್ಷ ಶೇಂಗಾ ಚಟ್ನಿಯ ಮೇಲೆ ಬದುಕಿದವರು. ಈಗ ಪಕ್ಕದ ಮನೆಗೆ ಹೋಗಿ ಎರಡು ತುತ್ತು ತಿಂದು, ಬಾಯಿ ಮುಕ್ಕಳಿಸಿ, ಸೆರಗು ಜಾಡಿಸಿ, ಸಾರಾಯಿ ಗಡಂಗಿನಿಂದ ಬಂದವರ ಹಾಗೆ ಗೋಡೆಯ ಬದಿಯಲ್ಲಿ ಬರುತ್ತಾರೆ. ಸೊಸೆ ಕೇಳುವುದಿಲ್ಲ, ಅತ್ತೆ ಹೇಳುವುದಿಲ್ಲ.

ಹರಿತಾಳ ಐದನೆಯ ಹುಟ್ಟುಹಬ್ಬಕ್ಕೆ ಪ್ರಸನ್ನಲಕ್ಷ್ಮಿ ಬೇಕರಿಗೆ ಹೋದರು. ಕೇಕಿನಲ್ಲಿ ಶೇಂಗಾ ಇಲ್ಲವೇ ಇಲ್ಲ ಎಂದು ಬೇಕರಿಯವನು ಆಣೆ ಹಾಕಿದ. ಈಕೆ ಕೇಕನ್ನು ಬಿಟ್ಟು ಚಾಕುವನ್ನು ನೋಡಿದರು. "ಇದರಿಂದ ಇನ್ನೇನೇನು ಕೊಯ್ತೀರಪಾ?" ಆ ಚಾಕು ಆಗತಾನೆ ಶೇಂಗಾ ಬರ್ಫಿ ಕೊಯ್ದು ವಿಶ್ರಾಂತಿ ಪಡೆಯುತ್ತಿತ್ತು. ಬರಿಗೈಯಲ್ಲಿ ಮನೆಗೆ ಬಂದು, ಕುಕ್ಕರಿನ ತಳಕ್ಕೆ ಮರಳು ಹಾಕಿ, ಮೇಲೆ ತಟ್ಟೆಯಿಟ್ಟು, ತಾವೇ ಕೇಕು ಸುಟ್ಟರು.

"ಹೆಂಗಾಗಿತ್ತು?" ಎಂದೆ.

ಉತ್ತರ ಕೊಟ್ಟವನು ಮಿಷನ್ನಿನ ಹಿಂದಿದ್ದ ಲೋಕನಾಥ: "ಬಟ್ಟಿ ಕತ್ತರಿಸೂವಾಗ ಜರುಗಬಾರದಂತ ಭಾರ ಇಡ್ತೀವಲ್ರಿ, ಆ ಕೇಕು ಅದಕ್ಕ ನಾಕು ತಿಂಗಳು ಬಂತು ಸಾರ್."

"ಐದನೇ ಸಲ ಸುಟ್ಟ ಕೇಕು ನೀನೇ ತಿಂದಿ," ಎಂದರು ಆಕೆ.

"ಹೆದರಿಕಿಗೆ ತಿಂದೆ."

ಹೀಗೆ ಕಲಿತ ಕೈ ಅದು. ರಾಗಿ, ನವಣೆ, ಬೆಲ್ಲ, ಬಾಳೆಹಣ್ಣು. ಶಾಲೆಯಲ್ಲಿ ಹರಿತಾಳ ಪಕ್ಕ ಕೂರುವ ಹುಡುಗಿಗೆ ಹಾಲು ಆಗುತ್ತಿರಲಿಲ್ಲ. ಅವಳ ತಾಯಿ ಕೇಳಿಕೊಂಡು ಬಂದರು. ಇನ್ನೊಬ್ಬರಿಗೆ ಮೊಟ್ಟೆ ಆಗದು, ಮತ್ತೊಬ್ಬರಿಗೆ ಗೋಧಿ. ಇಷ್ಟು ಜನ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಎಲ್ಲಿದ್ದರೋ! ಲೈಸೆನ್ಸು ಬಂತು, ನಿಜವಾದ ಓವನ್ನು ಬಂತು. ಜೀನ್ಸಿನ ಒಂದೊಂದು ಕಟ್ಟಿಗೂ ಯಾರ ಕೈಯದು ಎಂದು ಚೀಟಿ ಇರುತ್ತದಲ್ಲ, ಜಿಪ್ಪು ಕೆಟ್ಟರೆ ಹಿಡಿಯುವುದಕ್ಕೆ? ಹಾಗೆಯೇ ಒಂದೊಂದು ಡಬ್ಬಿಗೂ ಚೀಟಿ: ಏನು ಹಾಕಿದೆ, ಯಾವ ದಿನದ್ದು, ಯಾರ ಕೈಯದು. ಗಡಿಯ ಊರಲ್ಲವೇ, ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ. ಡಬ್ಬಿ ಕಟ್ಟುವ ದಾರ ಹಾಲಿಲ್ಲದ್ದಕ್ಕೆ ನೀಲಿ, ಮೊಟ್ಟೆಯಿಲ್ಲದ್ದಕ್ಕೆ ಹಸಿರು, ಗೋಧಿಯಿಲ್ಲದ್ದಕ್ಕೆ ಕಪ್ಪು. ಶೇಂಗಾ ಯಾವುದರಲ್ಲೂ ಇಲ್ಲವಾದ್ದರಿಂದ ಅದಕ್ಕೆ ದಾರವಿಲ್ಲ.

ನನಗೆ ಬೆರಗಾದದ್ದು ಆಕೆ ಕೇಳುವ ಪ್ರಶ್ನೆಗಳು. ಕಣೇಕಲ್ಲಿನ ಕಡೆ ಯಾರೋ ಸೂರ್ಯಕಾಂತಿ ಎಣ್ಣೆ ತೆಗೆಯುತ್ತಾರೆಂದು ಕ್ಯಾನು ಹಿಡಿದು ಹೋದರಂತೆ. ಎಣ್ಣೆ ಚೊಕ್ಕವಾಗಿತ್ತು. "ಇದಕ್ಕ ಮುಂಚೆ ಈ ಗಾಣದಾಗ ಏನು ಹಾಕಿದ್ರಿ?" ಎಂದರು. ಗಾಣದವನು ಎದೆಯುಬ್ಬಿಸಿ, "ಫಸ್ಟ್ ಕ್ಲಾಸ್ ಶೇಂಗಾ ಅಮ್ಮ!" ಎಂದ. ಖಾಲಿ ಕ್ಯಾನು ಹಾಗೇ ವಾಪಸು ಬಂತು. ಹಿಟ್ಟಿನ ಗಿರಣಿಯ ಕತೆಯೂ ಅಷ್ಟೇ. ಅದಕ್ಕೇ ಮನೆಯಲ್ಲೊಂದು ಸಣ್ಣ ಗಿರಣಿ.

ಆಮೇಲೆ ಮಡಕಶಿರಾದಿಂದ ಫೋನು ಬಂತು. ತಿಪ್ಪಕ್ಕ ಎಂಬ ಅಜ್ಜಿಯದು. ಮೊಮ್ಮಗಳು ಸಂಧ್ಯಾಗೆ ಎಂಟು ತುಂಬುತ್ತದೆ. ಅವಳಿಗೂ ಹರಿತಾಳದೇ ಕಷ್ಟ.

"ಯಾರ ಮನೆ ಹುಟ್ಟಿದಬ್ಬಕ್ಕೆ ಹೋದ್ರೂ ನಮ್ಮ ಮಗು ಜಗಲಿ ಮೇಲೆ ಒಬ್ಳೇ ಕುಂತ್ಕಂಡು ಮನೇಲಿ ಕಟ್ಕೊಟ್ಟ ಡಬ್ಬಿ ಪುರಿ ತಿಂತದೆ ಕಣವ್ವ. ಈ ಸಲ ಅವಳ್ದೇ ಹುಟ್ಟಿದಬ್ಬ. ಬಂದ ಹುಡುಗ್ರೂ ಅವಳೂ ಒಂದೇ ಕೇಕು ತಿನ್ಬೇಕು. ಮಾಡ್ಕೊಡ್ತೀಯಾ?"

ಪ್ರಸನ್ನಲಕ್ಷ್ಮಿ ಎರಡು ಸಲ ಆಗುವುದಿಲ್ಲ ಎಂದರು. ಮಾಡುವುದು ಕಷ್ಟವಿರಲಿಲ್ಲ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಅರ್ಧ ದಿನದ ದಾರಿ. ಅಷ್ಟು ಹೊತ್ತು ಡಬ್ಬಿ ಯಾರ ಕೈಯಲ್ಲಿರುತ್ತದೆ? ಅಲ್ಲಿ ಮಗು ನಂಬಿಕೊಂಡು ತಿನ್ನುತ್ತದೆ. ಏನಾದರೂ ಆದರೆ ಆಸ್ಪತ್ರೆಗೆ ಓಡಬೇಕಾದ್ದು ಅದು, ಜೀವಮಾನವಿಡೀ ನಿದ್ದೆಗೆಡಬೇಕಾದ್ದು ಇವರು. ತಾವೇ ಹೋಗೋಣವೆಂದರೆ ಅಂದೇ ಹರಿತಾಳ ಪರೀಕ್ಷೆ, ಲೋಕನಾಥನ ಮಾಲು ಲಾರಿ ಹತ್ತುವ ದಿನ.

ಆಗ ನಾನು ಗಂಟಲು ಸರಿಮಾಡಿಕೊಂಡೆ. ಅಂದೇ ಸಂಜೆ ಐದಕ್ಕೆ ಮಡಕಶಿರಾದಲ್ಲಿ ಒಂದು ಸಾಹಿತ್ಯ ಸಂಘದವರು ನನಗೆ ಶಾಲು ಹೊದಿಸುವವರಿದ್ದರು. (ಹೊದಿಸಿಕೊಳ್ಳುವ ಹನ್ನೊಂದು ಜನರಲ್ಲಿ ನಾನೊಬ್ಬ ಎಂಬುದನ್ನು ಹೇಳಲಿಲ್ಲ.) "ನಾನೇ ಒಯ್ಯುತ್ತೇನೆ" ಎಂದೆ.

ಪ್ರಸನ್ನಲಕ್ಷ್ಮಿ ಗಂಡನ ಕಡೆ ನೋಡಿದರು. ಗಂಡ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಹೋದ. ಮೂರು ದಿನ ಯೋಚಿಸಿ ಆಕೆ ಹೂಂ ಎಂದರು.

ಹೊರಡುವ ದಿನ ಬೆಳಿಗ್ಗೆ ಹೋದರೆ ಕೇಕು ಕಾಣಲೇ ಇಲ್ಲ. ಜೀನ್ಸ್ ಬಟ್ಟೆಯ ಚೌಕ ಚೀಲವೊಂದು ಕೂತಿತ್ತು. ಬಾಯೇ ಇಲ್ಲ, ನಾಲ್ಕೂ ಬದಿ ದಪ್ಪ ಹಳದಿ ದಾರದಲ್ಲಿ ಹೊಲಿದುಬಿಟ್ಟಿದ್ದರು.

"ಏನಮ್ಮಾ, ಕೇಕಿಗೂ ಪ್ಯಾಂಟು ಹೊಲಿಸಿದ್ದೀರಿ!"

ಆಕೆ ನಗಲಿಲ್ಲ. "ಎರಡೇ ಮಾತು ಸಾರ್. ದಾರ್ಯಾಗ ಶೇಂಗಾ ತಿನ್ನಬ್ಯಾಡ್ರಿ. ಹೊಲಿಗಿ ಬಿಚ್ಚಬ್ಯಾಡ್ರಿ. ಕೊನೀ ಸ್ಟಾಪಿಗೆ ಇಳದು ಕೈ ತೊಳದು ಕೊಟ್ಟುಬಿಡ್ರಿ."

"ನನ್ನನ್ನು ಏನೆಂದುಕೊಂಡಿದ್ದೀರಿ?" ಎಂದೆ. ಉತ್ತರ ಆಮೇಲೆ ಸಿಕ್ಕಿತು.

ಕಲ್ಯಾಣದುರ್ಗದವರೆಗೆ ನಾನು ಋಷಿ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಯಾರ ಕಡೆಯೂ ನೋಡದೆ ಕೂತಿದ್ದೆ. ಎರಡನೆಯ ಬಸ್ಸಿನಲ್ಲಿ ಪಕ್ಕಕ್ಕೊಬ್ಬ ಹೆಗಲ ಮೇಲೆ ಟವೆಲಿನ ಮನುಷ್ಯ ಬಂದು ಕೂತು, ಕಾಗದದ ಪೊಟ್ಟಣ ಬಿಚ್ಚಿದ. ಹುರಿದ ಶೇಂಗಾ, ಇನ್ನೂ ಬಿಸಿ. ಆ ವಾಸನೆಯ ಮುಂದೆ ಋಷಿಗಳು ಎಷ್ಟು ಹೊತ್ತು ನಿಂತಾರು?

"ತೀಸ್ಕೋಂಡಿ ಸಾರ್," ಎಂದು ಪೊಟ್ಟಣ ಚಾಚಿದ.

ಬೇಡವೆಂದು ತಲೆಯಾಡಿಸಿದೆ. ಅವನ ಮುಖ ಸಣ್ಣದಾಯಿತು. "ಮಾ ಚೇನುವೇ ಸಾರ್," ಎಂದ. ನಮ್ಮ ಹೊಲದ್ದೇ ಎಂದು. ಸ್ವಂತ ಹೊಲದ್ದನ್ನು ಬೇಡವೆನ್ನುವುದು ಹೇಗೆ? ಒಂದು ತೆಗೆದುಕೊಂಡೆ. ಒಂದು ತೆಗೆದುಕೊಂಡವನಿಗೆ ಅವನು ಒಂದು ಹಿಡಿ ಸುರಿದ. ಸಿಪ್ಪೆ ನನ್ನ ತೊಡೆಯ ಮೇಲೆ, ಚೀಲದ ಮೇಲೆ ಉದುರಿತು. ಹೊಲಿದ ಚೀಲ ತಾನೇ, ಒಳಗೇನು ಹೋಗುತ್ತದೆ ಎಂದು ಸಮಾಧಾನ ಹೇಳಿಕೊಂಡೆ.

ಸಮಾಧಾನದ ಹಿಂದೆಯೇ ಕುತೂಹಲ ಬಂತು. ಇಷ್ಟು ವರ್ಷವಾಯಿತು, ಆಕೆಯ ಕೇಕನ್ನು ಒಮ್ಮೆಯೂ ಕಣ್ಣಾರೆ ನೋಡಿಲ್ಲ. ಬಣ್ಣ ಯಾವುದಿರಬಹುದು? ಮೇಲೆ ಹೆಸರು ಬರೆದಿರಬಹುದೇ, ಕನ್ನಡದಲ್ಲೋ ತೆಲುಗಿನಲ್ಲೋ? ತಪ್ಪಿದ್ದರೆ ತಿದ್ದುವುದು ಮೇಷ್ಟರ ಕರ್ತವ್ಯವಲ್ಲವೇ? ಬೆರಳು ತಾನಾಗಿ ಮೂಲೆಗೆ ಹೋಯಿತು. ಹಳದಿ ದಾರದ ತುದಿ ಸಿಕ್ಕಿತು. ಎಳೆದೆ. ನಾಲ್ಕು ಹೊಲಿಗೆ ಸರಸರನೆ ಬಿಚ್ಚಿಕೊಂಡವು. ಒಳಗೆ ಬಿಳೀ ಬಟ್ಟೆ ಕಂಡಿತು. ಅದಕ್ಕೆ ಬೆರಳು ತಾಗಿಸಬೇಕು, ಅಷ್ಟರಲ್ಲಿ ಬಸ್ಸು ಒಂದು ದೊಡ್ಡ ಗುಂಡಿಗೆ ಇಳಿದು ನನ್ನ ತಲೆ ಮುಂದಿನ ಸರಳಿಗೆ ಬಡಿಯಿತು. ಬುದ್ಧಿ ಬಂತು. ಬಿಚ್ಚಿದ ಮೂಲೆಯನ್ನು ಒತ್ತಿ ಹಿಡಿದುಕೊಂಡು ಮಡಕಶಿರಾ ಸೇರಿದೆ. ಕೈ ತೊಳೆಯುವುದು ಆ ಗಾಬರಿಯಲ್ಲಿ ಮರೆತೇಹೋಯಿತು.

ತಿಪ್ಪಕ್ಕನ ಮನೆಯ ಮುಂದೆ ಇಪ್ಪತ್ತು-ಇಪ್ಪತ್ತೈದು ಮಕ್ಕಳು. ಹೊಸ ಫ್ರಾಕಿನ ಸಂಧ್ಯಾ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಅಜ್ಜಿಯ ಕೈಯಲ್ಲಿ ಫೋನು.

"ಅಲ್ಲೇ ನಿಂತ್ಕಳಿ ಮೇಷ್ಟ್ರೇ, ಒಳೀಕ್ ಬರಬ್ಯಾಡಿ," ಎಂದಳು ತಿಪ್ಪಕ್ಕ. ಈ ಮಾತನ್ನು ಎಲ್ಲೋ ಕೇಳಿದ ಹಾಗಿತ್ತು. "ರಾಯದುರ್ಗದವ್ವ ಫೋನಲ್ಲವ್ಳೆ. ಏನೋ ಕೇಳ್ಬೇಕಂತೆ."

ಫೋನಿನಿಂದ ಪ್ರಸನ್ನಲಕ್ಷ್ಮಿಯ ದನಿ ಎಲ್ಲರಿಗೂ ಕೇಳುವಂತೆ ಬಂತು: "ಸಾರ್, ಶೇಂಗಾ ತಿಂದ್ರೇನ್ರಿ?"

ಇಲ್ಲ ಎಂದು ಹೇಳಲು ಬಾಯಿ ತೆರೆದೆ. ನಾಲ್ಕೇ ಹೊಲಿಗೆ. ನೋಡಿದವರು ಯಾರೂ ಇಲ್ಲ. ಸಂಜೆ ಐದಕ್ಕೆ ಶಾಲು. ಅಷ್ಟರಲ್ಲಿ ಸಂಧ್ಯಾ ಚೀಲವನ್ನೇ ನೋಡುತ್ತ ಮೆಲ್ಲಗೆ ಕೇಳಿದಳು: "ಮೇಷ್ಟ್ರೇ, ಇದ್ನ ನಾನೂ ತಿನ್ಬೋದಾ?"

"ತಿಂದೆ," ಎಂದೆ. "ಒಂದು ಹಿಡಿ. ಮತ್ತೆ... ಮೂಲೆಯಲ್ಲಿ ನಾಲ್ಕು ಹೊಲಿಗೆ ಬಿಚ್ಚಿದೆ."

ಸಂಧ್ಯಾ ಅಳಲಿಲ್ಲ. ದಾರಿ ಗೊತ್ತಿದ್ದವಳ ಹಾಗೆ ಹಿಂದಿರುಗಿ ಹೋಗಿ ಜಗಲಿಯ ಮೇಲೆ ಕೂತಳು. ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಯಾವ ಮಗುವೂ ನನ್ನನ್ನು ಅಷ್ಟು ಸಣ್ಣವನನ್ನಾಗಿ ಮಾಡಿರಲಿಲ್ಲ.

ಫೋನಿನಿಂದ ಪ್ರಶ್ನೆಗಳು ಶುರುವಾದವು.

"ಯಾವ ದಾರ ಬಿಚ್ಚಿದ್ರಿ?"

"ಹಳದಿ."

"ಒಳಗ ಏನು ಕಾಣಿಸ್ತು?"

"ಬಿಳೀ ಬಟ್ಟೆ."

"ಅದಕ್ಕ ಕೈ ಹಚ್ಚಿದ್ರೇನು? ಖರೇ ಹೇಳ್ರಿ. ಹಚ್ಚಿದ್ರ ಆ ಕೇಕು ಅಲ್ಲಿ ಯಾರೂ ತಿನ್ನಂಗಿಲ್ಲ."

"ಇಲ್ಲಮ್ಮ. ಹಚ್ಚುವುದರೊಳಗೆ ಗುಂಡಿ ಬಂತು."

"ಯಾರು ತೋಡಿದ ಗುಂಡೀನೋ, ಅವರ ಹೊಟ್ಟಿ ತಣ್ಣಗಿರಲಿ," ಎಂದಿತು ಫೋನು. "ತಿಪ್ಪಕ್ಕ, ನೀವು ಚೀಲ ಮುಟ್ಟಬ್ಯಾಡ್ರಿ. ಬ್ಯಾರೆ ಯಾರನ್ನಾರ ಕರೀರಿ."

ಪಕ್ಕದ ಮನೆಯ ಗಂಗಕ್ಕ ಬಂದಳು. ಬೀದಿಯ ಆಚೆ ಬದಿಯಲ್ಲಿ ನಿಂತು ಹಳದಿ ಹೊಲಿಗೆಯನ್ನು ಕತ್ತರಿಸಿ, ಜೀನ್ಸ್ ಚೀಲವನ್ನು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಕೆಳಗಿಳಿಸಿದಳು. ಒಳಗಿನದಕ್ಕೆ ಅವಳೂ ಕೈ ತಾಗಿಸಲಿಲ್ಲ. ತಿಪ್ಪಕ್ಕ ಕೈ ತೊಳೆದು ಬಂದು ಬಿಳೀ ಚೀಲವನ್ನು ಎತ್ತಿಕೊಂಡಳು. ಅದಕ್ಕೂ ಸುತ್ತ ಹೊಲಿಗೆ, ಕೆಂಪು ದಾರದ್ದು.

"ಕೆಂಪು ದಾರ ಎಲ್ಲೂ ಹರಿದಿಲ್ಲಲ್ರಿ? ನಾಕೂ ಮೂಲ್ಯಾಗ ಗಂಟು ಅದಾವೇನು?"

ತಿಪ್ಪಕ್ಕ ಒಂದೊಂದು ಮೂಲೆಯನ್ನೂ ಮೂಗಿನ ಹತ್ತಿರ ತಂದು ನೋಡಿದಳು. "ಒಂದ್... ಎರಡ್... ಮೂರ್... ಐತೆ ಕಣವ್ವ, ನಾಕೂ ಐತೆ."

"ಸಿಪ್ಪಿ, ಪುಡಿ ಏನಾರ ಅಂಟೇತೇನು?"

"ಇಲ್ಲ. ಒಗೆದ ಬಟ್ಟೆ ಇದ್ದಂಗೈತೆ."

"ಹಂಗಾದ್ರ ಬಿಚ್ರಿ. ಒಳಗ ಸ್ಟೀಲ್ ಡಬ್ಬಿ ಐತಿ, ಮುಚ್ಚಳಕ್ಕ ಟೇಪು ಹಚ್ಚೀನಿ. ಮಗು ತಿನ್ನಬಹುದು." ಆಮೇಲೆ ದನಿ ನನ್ನ ಕಡೆ ತಿರುಗಿತು. "ಆ ಹಳದಿ ದಾರದ ಚೀಲ ನಿಮಗಂತಾನೇ ಹೊಲ್ದಿದ್ದು ಸಾರ್. ನೀವು ಬಿಚ್ತೀರಂತ ಗೊತ್ತಿತ್ತು."

ಮಕ್ಕಳೆಲ್ಲ ಗೊಳ್ಳೆಂದರು. ಜಗಲಿಯಿಂದ ಮೊದಲು ಇಳಿದು ಬಂದು ನಕ್ಕವಳು ಸಂಧ್ಯಾ.

ನನ್ನನ್ನು ಹಿತ್ತಲಿನ ಒಗೆಯುವ ಕಲ್ಲಿಗೆ ಕಳಿಸಿದರು. ಮುಖ, ಕೈ, ಬಾಯಿ ಆದಮೇಲೆ ನನ್ನ ರೇಷ್ಮೆ ಜುಬ್ಬಾ ಬಕೀಟಿಗೆ ಹೋಯಿತು. ತಿಪ್ಪಕ್ಕನ ಮಗ ವಾಲಿಬಾಲ್ ಆಡುವಾಗ ಹಾಕುವ ಏಳನೆಯ ನಂಬರಿನ ಅಂಗಿ ನನ್ನ ಮೈಗೆ ಬಂತು. ಅದು ಸ್ವಲ್ಪ ಬಿಗಿ. ಹೊರಗೆ ಬಂದಾಗ ಕೇಕು ಕೊಯ್ಯುತ್ತಿದ್ದರು. ಕಂದು ಬಣ್ಣ, ಮೇಲೆ ದ್ರಾಕ್ಷಿಯಲ್ಲಿ ಹೊಲಿಗೆಯ ಹಾಗೆ ಒಂದು ಸಾಲು. ಹೆಸರಿರಲಿಲ್ಲ, ತಿದ್ದುವುದಕ್ಕೆ ಏನೂ ಇರಲಿಲ್ಲ. ಸಂಧ್ಯಾ ತನ್ನ ಚೂರನ್ನು ಕೈಯಲ್ಲಿ ಹಿಡಿದುಕೊಂಡು ಉಳಿದವರ ಬಾಯಿಗಳನ್ನೇ ನೋಡುತ್ತಿದ್ದಳು.

"ಎಲ್ರಿಗೂ ಇದೇನಾ?"

"ಎಲ್ರಿಗೂ ಇದೇಯ," ಎಂದಳು ಅಜ್ಜಿ.

ಆಮೇಲೆ ತಿಂದಳು. ಒಬ್ಬ ಹುಡುಗಿ, "ಮುದ್ದೆ ಇದ್ದಂಗೈತೆ, ಆದ್ರೆ ಸೀ ಐತೆ," ಎಂದಳು. ಸಂಧ್ಯಾ ಅವಳ ಕಡೆ ಯಜಮಾನಿಯ ಹಾಗೆ ನೋಡಿ, "ಬ್ಯಾಡಾದ್ರೆ ನಂಗೆ ಕೊಡು," ಎಂದಳು. ಅವಳು ಕೊಡಲಿಲ್ಲ. ತಿಪ್ಪಕ್ಕ ಫೋನನ್ನು ಇನ್ನೂ ಹಿಡಿದೇ ಇದ್ದಳು. ಆ ಕಡೆ ಅರ್ಧ ಗಂಟೆ ಹಾಗೇ ಕಾದರು ಪ್ರಸನ್ನಲಕ್ಷ್ಮಿ. ಮಗುವಿನ ತುಟಿ ಹೇಗಿದೆ, ಉಸಿರು ಹೇಗಿದೆ ಎಂದು ಎರಡು ಸಲ ಕೇಳಿ, ಚೆನ್ನಾಗಿದ್ದಾಳೆ ಎಂದು ಖಾತ್ರಿಯಾದಮೇಲೆ ಇಟ್ಟರು.

ಸಂಜೆ ಶಾಲು ಹೊದಿಸಿದವರು ಶಾಲಿನ ಕೆಳಗಿನ ಏಳನೆಯ ನಂಬರನ್ನು ನೋಡಿ, ಮೇಷ್ಟರು ಕ್ರೀಡಾಪ್ರೇಮಿಗಳೂ ಹೌದು ಎಂದು ಮೈಕಿನಲ್ಲಿ ಹೊಗಳಿದರು. ನಾನು ವಿನಯದಿಂದ ತಲೆಬಾಗಿದೆ.

ಈಗ ಪ್ರಸನ್ನಲಕ್ಷ್ಮಿಯ ಡಬ್ಬಿಗಳು ಮಡಕಶಿರಾಕ್ಕೂ ಹೋಗುತ್ತವೆ, ಗುಮ್ಮಘಟ್ಟಕ್ಕೂ ಹೋಗುತ್ತವೆ, ಭೈರವಾನಿತಿಪ್ಪದಿಂದಲೂ ಒಬ್ಬರು ಕೇಳಿದ್ದಾರೆ. ದೂರ ಹೋಗುವುದಕ್ಕೆಲ್ಲ ಎರಡು ಚೀಲ: ಒಳಗೆ ಕೆಂಪು ದಾರ, ಹೊರಗೆ ಹಳದಿ. ಹೊರಗಿನದಕ್ಕೆ ಜಂಬಯ್ಯ 'ಮೇಷ್ಟ್ರ ಹೊಲಿಗಿ' ಎಂದು ಹೆಸರಿಟ್ಟಿದ್ದಾನೆ. ಸಂಘ ಹುಟ್ಟಿದ ಇಷ್ಟು ವರ್ಷಕ್ಕೆ ಬಡಾವಣೆಯಲ್ಲಿ ನನ್ನ ಹೆಸರು ನಿಂತಿರುವುದು ಅದೊಂದರಲ್ಲಿ.

ಹೋದ ತಿಂಗಳು ಆಕೆಯ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಹೊರಟೆ. ಕೈ ತೊಳೆದು, ಅಂಗಿ ಜಾಡಿಸಿ, ಮುಂದಿನ ಕೋಣೆಯ ಸ್ಟೂಲಿನ ಮೇಲೆ ಕೂತು, ಲೆಟರ್‌ಹೆಡ್ಡಿನ ಹಾಳೆ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು, ದೊಡ್ಡ ದೊಡ್ಡವರನ್ನು ಕೇಳುವ ದನಿಯಲ್ಲಿ ಕೇಳಿದೆ:

"ಅಮ್ಮಾ, ಓದುಗರಿಗಾಗಿ ಒಂದು ಮಾತು ಹೇಳಿ. ತಮ್ಮ ಈ ಯಶಸ್ಸಿನ ಗುಟ್ಟೇನು?"

ಪ್ರಸನ್ನಲಕ್ಷ್ಮಿ ಅಡಿಗೆಮನೆಯ ಹೊಸ್ತಿಲ ಆಚೆಗೇ ನಿಂತು, ಹಿಟ್ಟಿನ ಕೈಯನ್ನು ನೋಡಿಕೊಂಡು ಹೇಳಿದರು:

"ಗುಟ್ಟೇನಿಲ್ರಿ ಸಾರ್. ನಿಮ್ಮಂಥೋರನ್ನ ಒಳಗ ಬಿಡಾಂಗಿಲ್ಲ, ಅಷ್ಟೇ."